ಪಾರ್ಫಿಟ್ ದೊರೆಯ ವಿಮಾನಕ್ಕೆ ಆಯುಧಪೂಜೆ

ವಿಮಾನವನ್ನು ತೊಳೆಯಲು ಕೊಟ್ಟದ್ದೇ ಅಲೋಶಿಯಸನ ತಪ್ಪು.

ಅದು ಹಾರುವ ವಿಮಾನವಲ್ಲ, ಮೊಳದುದ್ದದ ಮರದ ವಿಮಾನ. ಕೊಲ್ಲಿ ದೇಶದ ವಾದಿ ಅದಾಯ್‌ನ ಗ್ಯಾರೇಜೊಂದರ ಮ್ಯಾನೇಜರ್ ಪಾರ್ಫಿಟ್ ದೊರೆಯ ಮೇಜಿನ ಮೇಲೆ ಅದರ ವಾಸ. ದೊರೆಯ ಅಪ್ಪ ಎರಡನೇ ಮಹಾಯುದ್ಧದ ಕಾಲಕ್ಕೆ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಸ್ಪಿಟ್‌ಫೈರ್ ಹಾರಿಸಿದವರು. ಮುಪ್ಪಿನಲ್ಲಿ ಅದೇ ವಿಮಾನವನ್ನು ಕೈಯಾರೆ ಮರದಲ್ಲಿ ಕೆತ್ತಿದ್ದರು. ಗುರುವಾರ ಸಂಜೆ ವಾರದ ಕೆಲಸ ಮುಗಿಯಿತೆಂದರೆ ದೊರೆ ಚಹಾ ತರಿಸಿ ಆ ಕಥೆ ಶುರು ಮಾಡುತ್ತಿದ್ದರು. ದ್ವೀಪಕ್ಕೆ ಮುತ್ತಿಗೆ, ಊಟಕ್ಕೆ ರೇಷನ್, ಬಿಡಿಭಾಗಗಳ ಸುದ್ದಿಯೇ ಇಲ್ಲ. ಮೆಕ್ಯಾನಿಕ್‌ಗಳು ರೆಕ್ಕೆಯ ಗುಂಡಿನ ತೂತಿಗೆ ಡಬ್ಬದ ತಗಡು ಹೊಡೆದು, ಇದ್ದಬದ್ದ ಬಣ್ಣವನ್ನೆಲ್ಲ ಕಲಸಿ ಸಮುದ್ರದ ನೀಲಿ ಬಳಿದು, ಒಂದೇ ಗಂಟೆಯಲ್ಲಿ ವಿಮಾನವನ್ನು ಮತ್ತೆ ಆಕಾಶಕ್ಕೆ ಕಳಿಸುತ್ತಿದ್ದರಂತೆ. ಆಫೀಸಿನ ಸೆಕ್ರೆಟರಿಯಾದ ಅಲೋಶಿಯಸ್ ಒಂಬತ್ತು ವರ್ಷಗಳಿಂದ ಈ ಕಥೆ ಕೇಳುತ್ತಿದ್ದ. ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ ಅವನಿಗೆ ಸಿದ್ಧಿಸಿದ್ದು ಹಾಗೆ.

ಅಂದು ಆಯುಧಪೂಜೆ. ಕಾರ್ಕಳದ ಕಡೆಯ ಮೆಕ್ಯಾನಿಕ್ ಬೋಜ ಪ್ರತಿವರ್ಷದಂತೆ ಬೆಳಿಗ್ಗೆಯೇ ಜ್ಯಾಕು, ಸ್ಪ್ಯಾನರು, ಕಂಪ್ರೆಸರುಗಳನ್ನೆಲ್ಲ ತೊಳೆದು ಕುಂಕುಮ ಹಚ್ಚಿದ್ದ. ಆಮೇಲೆ ಆಫೀಸಿನ ಬಾಗಿಲಲ್ಲಿ ಬಂದು ನಿಂತ.

"ಅಲೋಶಣ್ಣ, ಆ ವಿಮಾನವನ್ನೂ ಕೊಡಿ. ಅದೂ ಒಂದು ವಾಹನವೇ ಅಲ್ವಾ? ಎಲ್ಲದಕ್ಕೂ ಹೂ ಹಾಕಿ ಅದೊಂದನ್ನು ಬಿಟ್ರೆ ಹೇಗೆ?"

"ಬೇಡ ಮಾರಾಯ. ದೊರೆ ಊರಿಂದ ಇವತ್ತೇ ವಾಪಸ್ಸು ಬರ್ತಾರೆ."

"ಅದಕ್ಕೇ ಹೇಳುದು ನಾನು. ನಿಮ್ಮ ರಜೆ ಅರ್ಜಿಗೆ ಅವ್ರು ಇವತ್ತೇ ಸೈನು ಹಾಕ್ಬೇಕಲ್ಲ? ಒಂದು ಪೂಜೆ ಆಗ್ಲಿ, ನಷ್ಟ ಎಂತ?"

ಬೋಜ ಮುಟ್ಟಿದ್ದು ಸರಿಯಾದ ನರವನ್ನೇ. ಅಲೋಶಿಯಸನ ಅಕ್ಕನ ಮಗಳು ನಿಕೋಲಳ ಮದುವೆ ಮುಂದಿನ ವಾರ ಉಡುಪಿಯಲ್ಲಿ. ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸಿನ ದಿನ ಸೋದರಮಾವ ಇಲ್ಲದಿದ್ದರೆ ಅಕ್ಕ ಸಾಯುವ ತನಕ ಅದನ್ನು ಎತ್ತಿ ಆಡುವವಳು. ಊರಿಗೆ ಹೊರಡುವ ವಿಮಾನ ನಾಳೆ ರಾತ್ರಿಗೆ. ಹೆಂಡತಿ ರೋಸಲಿಂಡ್ ದಾರ್ಸೈಟ್‌ನ ಫ್ಲಾಟಿನಲ್ಲಿ ಮೂರು ಸೂಟ್‌ಕೇಸ್ ಕಟ್ಟಿಟ್ಟು ಅದರ ಮೇಲೆಯೇ ಕೂತಿದ್ದಳು. ದೊರೆಯ ಸಹಿಯೊಂದೇ ಬಾಕಿ. ಭಾನುವಾರ ಇಗರ್ಜಿಗೆ ತಪ್ಪದ ಅಲೋಶಿಯಸ್, ಯಾವ ದೇವರ ಸಹಾಯವೂ ಹೆಚ್ಚಲ್ಲವೆಂದುಕೊಂಡು ವಿಮಾನವನ್ನು ಎತ್ತಿ ಕೊಟ್ಟ.

ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆಂದು ಅವನೆಣಿಸಿದ್ದ. ಬೋಜನಿಗೆ ತೊಳೆಯುವುದೆಂದರೆ ಒಂದೇ ವಿಧಾನ ಗೊತ್ತು. ಲಾರಿಯ ಚಾಸಿ ತೊಳೆಯುವ ಪ್ರೆಶರ್ ಗನ್ ಹಿಡಿದು ಒಂದು ಸಲ ಒತ್ತಿದ. ಶತ್ರುಗಳ ಗುಂಡಿಗೂ ಬಗ್ಗದಿದ್ದ ಸ್ಪಿಟ್‌ಫೈರಿನ ಎಡರೆಕ್ಕೆ ಹಾರಿ ಗ್ರೀಸಿನ ಡಬ್ಬಿಗೆ ಬಿತ್ತು. ಎರಡನೇ ಸಲಕ್ಕೆ ಮೈಬಣ್ಣ, ಅದರ ಮೇಲಿನ ವಾಯುಪಡೆಯ ಗುರುತಿನ ವೃತ್ತ, ಅಕ್ಷರ ಎಲ್ಲವೂ ನೀರಾಗಿ ಚರಂಡಿ ಸೇರಿದವು.

ಅಲೋಶಿಯಸ್ ಅಯ್ಯೋ ಎಂದು ಕೂಗುತ್ತ ಓಡಿ, ಗ್ರೀಸಿನ ಡಬ್ಬಿಯಿಂದ ರೆಕ್ಕೆಯನ್ನು ಎತ್ತಿದ.

"ಗಟ್ಟಿ ಇರ್ಲಿಲ್ಲ ಅದು," ಎಂದ ಬೋಜ, ತಪ್ಪೆಲ್ಲ ವಿಮಾನದ್ದೇ ಎಂಬಂತೆ.

ಗದ್ದಲ ಕೇಳಿ ಪೇಂಟರ್ ಮೊಯ್ದು ಬಂದ. ಉಳ್ಳಾಲದವನು, ನೀರಿನ ಟ್ಯಾಂಕರುಗಳಿಗೆ ಬಣ್ಣ ಹೊಡೆಯುವುದರಲ್ಲಿ ಎತ್ತಿದ ಕೈ. ರೆಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ದೊರೆ ಎಷ್ಟು ಗಂಟೆಗೆ?"

"ನಾಲ್ಕಕ್ಕೆ. ಮೊಯ್ದುಚ್ಚ, ನನ್ನ ಮಾನ ನಿಮ್ಮ ಕೈಯಲ್ಲುಂಟು."

"ಆಕ್ಸಿಡೆಂಟಲ್ಲಿ ಅಪ್ಪಚ್ಚಿಯಾದ ಲ್ಯಾಂಡ್ ಕ್ರೂಸರನ್ನೇ ಹೊಸದು ಮಾಡಿದವ ನಾನು. ಇದ್ಯಾವ ಲೆಕ್ಕ?" ಎಂದು ಮೊಯ್ದು ರೆಕ್ಕೆಗೆ ಗಟ್ಟಿ ಅಂಟು ಹಾಕಿ, ಸಂದಿಗೆ ಪುಟ್ಟಿ ತುಂಬಿ, ಮರಳುಕಾಗದ ಉಜ್ಜಿದ. ಮೂರು ಕಾರುಗಳ ಮಿಕ್ಕ ಬಣ್ಣ ಕಲಸಿ ನೀಲಿಯನ್ನೂ ತಂದ. ಆಮೇಲೆ ಕೇಳಿದ, "ಇದ್ರ ಮೇಲೆ ಅಕ್ಷರ ಎಂತ ಇತ್ತು?"

ಒಂಬತ್ತು ವರ್ಷ ಕಥೆ ಕೇಳಿದವನಿಗೇ ಗೊತ್ತಿಲ್ಲವೆಂದರೆ ಉಳಿದವರಿಗೆ ಎಲ್ಲಿಂದ ಗೊತ್ತು? ಅಲೋಶಿಯಸ್ ಹೆಂಡತಿಗೆ ಫೋನು ಮಾಡಿದ. ಕ್ರಿಸ್‌ಮಸ್ ಪಾರ್ಟಿಯಲ್ಲಿ ಅವಳು ವಿಮಾನದ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದಳು. ಫೋಟೋ ಬಂತು. ಅದರಲ್ಲಿ ರೋಸಲಿಂಡಳ ಹೊಸ ಸೀರೆಯ ಸೆರಗು ಸಾಂಗವಾಗಿ ಕಾಣುತ್ತಿತ್ತು, ಸೆರಗಿನಡಿಯಿಂದ ವಿಮಾನದ ಬಾಲ ಇಣುಕುತ್ತಿತ್ತು.

"ಬೇರೆ ಫೋಟೋ ಇಲ್ವಾ?"

"ಇದ್ರಲ್ಲೇ ನಾನು ಸ್ವಲ್ಪ ತೆಳ್ಳಗೆ ಕಾಣುದು. ಬೇರೆಯದ್ದೆಲ್ಲ ಡಿಲೀಟ್ ಮಾಡಿದ್ದೇನೆ. ಸೈನು ಆಯ್ತಾ?"

ಕೊನೆಗೆ ಗೋಡೆಯ ಮೇಲಿದ್ದ ದೊರೆಯ ಅಪ್ಪ ತಮ್ಮ ವಿಮಾನದ ಪಕ್ಕ ನಿಂತಿದ್ದ ಹಳೆಯ ಕಪ್ಪುಬಿಳುಪು ಚಿತ್ರವನ್ನು ಇಳಿಸಿ ನೋಡಿದಾಗ ಎಲ್ಲವೂ ಸಿಕ್ಕಿತು. ಕಣ್ಣೆದುರೇ ಇದ್ದದ್ದು ಅಷ್ಟು ವರ್ಷ ಯಾರಿಗೂ ಕಂಡಿರಲಿಲ್ಲ. ಮೊಯ್ದು ಉಸಿರು ಬಿಗಿಹಿಡಿದು ವೃತ್ತ ಎಳೆದ, ಅಕ್ಷರ ಬರೆದ. ಒಣಗಲೆಂದು ವಿಮಾನವನ್ನು ಬಿಸಿಲಲ್ಲಿ ನಿಂತಿದ್ದ ಕಾರೊಂದರ ತಲೆಯ ಮೇಲಿಟ್ಟ. ಅಲೋಶಿಯಸ್ ಎರಡು ಗಂಟೆಗಳಲ್ಲಿ ಮೊದಲ ಸಲ ಒಂದು ಲೋಟ ನೀರು ಕುಡಿದ.

ನೀರು ಕುಡಿದು ಹೊರಬಂದರೆ ಕಾರೂ ಇಲ್ಲ, ವಿಮಾನವೂ ಇಲ್ಲ.

"ಆ ಬಿಳಿ ಕಾರಾ? ಅದ್ರ ಓನರು, ಅಲ್ ಅಮೇರಾತ್‌ನ ಅರಬಿ ಅಜ್ಜ ಬಂದಿದ್ರು," ಎಂದ ಬೋಜ. "ಖಲಾಸ್? ಕೆಲ್ಸ ಮುಗೀತಾ ಕೇಳಿದ್ರು. ಖಲಾಸ್ ಹೇಳಿ ಕೀ ಕೊಟ್ಟೆ."

"ತಲೆ ಮೇಲೆ ವಿಮಾನ ಇದ್ದದ್ದು ಕಾಣ್ಲಿಲ್ವಾ ನಿಂಗೆ?"

"ನಾನು ಬ್ರೇಕ್ ಮಾಡಿದ್ದು. ತಲೆ ಯಾಕೆ ನೋಡ್ತೇನೆ?"

ಇಬ್ಬರೂ ಪಿಕಪ್ ಹತ್ತಿ ಹೊರಟರು. ಅಮೇರಾತ್‌ಗೆ ಹೋಗುವ ಬೋಳುಗುಡ್ಡದ ದಾರಿಯುದ್ದಕ್ಕೂ ಅಲೋಶಿಯಸ್ ಕಿಟಕಿಯಿಂದ ತಲೆ ಹೊರಹಾಕಿ, ಬಿದ್ದ ರೆಕ್ಕೆ ಹುಡುಕುತ್ತ ಜಪಸರ ಹೇಳತೊಡಗಿದ. ಬೋಜ ತನ್ನ ಪಾಲಿನ ದೈವಗಳನ್ನೆಲ್ಲ ಕರೆಯುತ್ತಿದ್ದ. ಯಾರು ಓಗೊಟ್ಟರೋ ಗೊತ್ತಿಲ್ಲ. ಅಜ್ಜನ ಮನೆಯಂಗಳದಲ್ಲಿ ಕಾರು ನಿಂತಿತ್ತು, ತಲೆಯ ಮೇಲೆ ವಿಮಾನ ಹಾಗೇ ಕೂತಿತ್ತು. ಹಸಿ ಬಣ್ಣ ಹಿಡಿದು ಕಚ್ಚಿಕೊಂಡಿತ್ತು.

ಅಜ್ಜ ನಕ್ಕರು. ಬ್ರೇಕ್ ರಿಪೇರಿಯ ಜೊತೆ ಇದು ಉಚಿತವೇ ಎಂದು ಕೇಳಿದರು. ಮನೆ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವ ಜನ ಅವರಲ್ಲ. ಕಾಫಿ ಬಂತು. ಸಾಕೆನಿಸಿದಾಗ ಪುಟ್ಟ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ಮತ್ತೆ ಸುರಿಯುತ್ತಾರೆ. ಅಲೋಶಿಯಸ್ ಒಂದಕ್ಕೇ ಅಲ್ಲಾಡಿಸಿದ. ಬೋಜ ಮಾತ್ರ ಬಟ್ಟಲು ನೀಡುತ್ತಲೇ ಹೋದ. ಏಳನೆಯದರ ಹೊತ್ತಿಗೆ ಮೊಯ್ದುವಿನ ಫೋನು ಬಂತು. "ಯಲ್ಲಾ, ಬೇಗ ಬನ್ನಿ! ದೊರೆಯ ಫ್ಲೈಟು ಬೇಗ ಇಳಿದಿದೆ. ಟ್ಯಾಕ್ಸಿಯಲ್ಲಿ ಬರ್ತಾ ಇದ್ದಾರೆ!"

ಬ್ಲೇಡಿನಿಂದ ವಿಮಾನವನ್ನು ಬಿಡಿಸಿ, ಮಡಿಲಲ್ಲಿ ಕೂಸಿನಂತೆ ಹಿಡಿದುಕೊಂಡು ಅಲೋಶಿಯಸ್ ಗ್ಯಾರೇಜು ಮುಟ್ಟಿದ. ವಿಮಾನ ಮೇಜಿನ ಮೇಲೆ ಕೂತದ್ದಕ್ಕೂ ದೊರೆ ಒಳಗೆ ಕಾಲಿಟ್ಟದ್ದಕ್ಕೂ ಸರಿಹೋಯಿತು.

ದೊರೆ ಬ್ಯಾಗು ಕೆಳಗಿಟ್ಟರು. ವಿಮಾನ ನೋಡಿದರು. ಕನ್ನಡಕ ಹಾಕಿಕೊಂಡು ಎಡರೆಕ್ಕೆಯ ಮೇಲೆ ಬೆರಳಾಡಿಸಿದರು.

"ಯಾರು ಮಾಡಿದ್ದು ಇದು?"

ಬೋಜನೂ ಮೊಯ್ದುವೂ ಮೊದಲೇ ಮಾತಾಡಿಕೊಂಡವರಂತೆ ಒಟ್ಟಿಗೇ ಅಲೋಶಿಯಸನತ್ತ ಬೆರಳು ತೋರಿದರು. ಅವನು ಕಣ್ಣು ಮುಚ್ಚಿದ. ರಜೆಯಂತೂ ಹೋಯಿತು, ಕೆಲಸವಾದರೂ ಉಳಿದರೆ ಸಾಕಿತ್ತು.

ಹೆಗಲ ಮೇಲೆ ಕೈ ಬಿತ್ತು. ಕಣ್ಣು ತೆರೆದರೆ ದೊರೆಯ ಕಣ್ಣಲ್ಲಿ ನೀರು!

"ಊರಿಗೆ ಹೋಗುವ ಹಿಂದಿನ ದಿನ ಇದನ್ನು ಬೀಳಿಸಿ ರೆಕ್ಕೆ ಮುರಿದವನು ನಾನೇ," ಎಂದರು ದೊರೆ ತಮ್ಮ ಇಂಗ್ಲಿಷಿನಲ್ಲಿ. "ನಾಚಿಕೆಯಾಗಿ ಯಾರಿಗೂ ಹೇಳದೆ, ಲಕೋಟೆಗೆ ಹಚ್ಚುವ ಗೋಂದಿನಲ್ಲಿ ಅಂಟಿಸಿ ಹೋಗಿದ್ದೆ. ಮೂರು ವಾರ ನನಗೆ ನಿದ್ದೆಯಿಲ್ಲ. ನೀನು ಅದನ್ನು ಪತ್ತೆ ಮಾಡಿ, ತುಟಿಪಿಟಕ್ಕೆನ್ನದೆ ಸರಿ ಮಾಡಿಟ್ಟಿದ್ದೀಯ. ಮಾಲ್ಟಾದಲ್ಲಿ ನನ್ನಪ್ಪನಿಗೆ ಇದ್ದದ್ದು ಇಂಥವರೇ ಕಣಯ್ಯಾ!"

ಅಲೋಶಿಯಸನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಬಿಸಿ ಆರುವ ಮೊದಲೇ ರಜೆ ಅರ್ಜಿಯನ್ನು ಮುಂದೆ ಸರಿಸಿದ.

ದೊರೆ ಅದರತ್ತ ನೋಡದೆ ಹೊರಗೆ ಟ್ಯಾಕ್ಸಿಯವನಿಗೆ ಕೈ ಮಾಡಿದರು. ದೊಡ್ಡದೊಂದು ಪೆಟ್ಟಿಗೆ ಒಳಗೆ ಬಂತು. "ಅಪ್ಪ ಕೆತ್ತಿದ್ದು ಇಡೀ ಸ್ಕ್ವಾಡ್ರನ್ನು, ಹನ್ನೆರಡು ವಿಮಾನ. ಉಳಿದ ಹನ್ನೊಂದು ಅಣ್ಣನ ಮನೆಯ ಅಟ್ಟದಲ್ಲಿದ್ದವು. ಇಲಿ ಕಡಿದು ರೆಕ್ಕೆ, ಬಾಲ ಒಂದೂ ನೆಟ್ಟಗಿಲ್ಲ. ಬರುವ ತಿಂಗಳು ಆ ಪೈಲಟ್‌ಗಳ ಮಕ್ಕಳು ಮೊಮ್ಮಕ್ಕಳೆಲ್ಲ ಮಾಲ್ಟಾದಲ್ಲಿ ಸೇರುತ್ತಿದ್ದಾರೆ. ಯಾರ ಕೈಗೆ ಕೊಡುವುದೆಂದು ದಾರಿಯುದ್ದಕ್ಕೂ ಚಿಂತೆಯಾಗಿತ್ತು. ಈಗ ಚಿಂತೆಯಿಲ್ಲ. ರಜೆ ಮಾತ್ರ ಈಗ ಕೇಳಬೇಡ, ಅಲೋಶಿಯಸ್."

"ಸರ್, ನಿಜ ಹೇಳ್ಬೇಕಂದ್ರೆ, ಇದನ್ನು ಮಾಡಿದ್ದು ಮೊಯ್ದು..."

"ಹೊಗಳಿಕೆಯನ್ನೂ ಹಂಚಿಕೊಳ್ಳುತ್ತಾನೆ ನೋಡಿ!" ಎಂದು ದೊರೆ ಇನ್ನಷ್ಟು ಕರಗಿದರು. "ಒಮ್ಮೆಗೆ ಒಬ್ಬರಿಗೇ ರಜೆ ಎಂಬ ನಿಯಮವಿದೆ. ನೀನಂತೂ ಹೋಗುವುದಿಲ್ಲ. ಪಾಪ, ಈ ಬೋಜ ಎರಡು ವರ್ಷದಿಂದ ಊರು ನೋಡಿಲ್ಲ, ಅವನು ಹೋಗಿಬರಲಿ." ಅರ್ಜಿಯಲ್ಲಿ ಹೆಸರು ತಿದ್ದಿ, ಸಹಿ ಹಾಕಿ ಬೋಜನ ಕೈಗಿತ್ತರು.

ಆಯುಧಪೂಜೆಯ ಫಲ ಇಷ್ಟು ಬೇಗ ಸಿಕ್ಕಿದ್ದು ಬೋಜನ ಆಯುಷ್ಯದಲ್ಲೇ ಮೊದಲು.

ಅಲೋಶಿಯಸ್ ಪೆಟ್ಟಿಗೆಯ ಮೇಲೆ ಕೂತು ದಾರ್ಸೈಟ್‌ಗೆ ಫೋನು ಹಚ್ಚಿದ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಬೈಗುಳಕ್ಕೆ ಕಿವಿ ಗಟ್ಟಿಮಾಡಿಕೊಂಡು ಕಾದ. ಆ ಕಡೆ ರೋಸಲಿಂಡ್ ಒಂದು ಸೂಟ್‌ಕೇಸಿನ ಜಿಪ್ ಬಿಚ್ಚಿದ ಸದ್ದು ಕೇಳಿಸಿತು.

"ಆಯ್ತು ಬಿಡಿ," ಎಂದಳು. "ಮದುವೆಗೆ ನಾನಂತೂ ಹೋಗುವವಳೇ. ನಿಮ್ಮ ಹೊಸ ಸೂಟು ಹೊಲಿಸಿ ಆಗಿದೆ. ಬೋಜನಿಗೆ ಸರಿ ಹೋಗ್ತದಾ ಕೇಳಿ. ಫೋಟೋದಲ್ಲಿ ನನ್ನ ಪಕ್ಕ ಯಾರಾದ್ರೂ ನಿಲ್ಬೇಕಲ್ವಾ?"