ಒಂದು ಚಾಪೆಯಷ್ಟು ಜಾಗ

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಸಂಕ್ರಾಂತಿಯ ಮರುದಿನ, ಕರಿದಿನ. ಕರಿದಿನ ಊರು ಬಿಟ್ಟವರ ಕಾಲು ಒಂದು ಕಡೆ ನಿಲ್ಲುವುದಿಲ್ಲ ಅಂತ ಅವ್ವನ ನಂಬಿಕೆ. ಇವತ್ತಿಗೂ ನನ್ನ ತಿರುಗಾಟಕ್ಕೆ ಆ ದಿನವನ್ನೇ ಬಯ್ಯುತ್ತಾಳೆ. ದಿನದ್ದೇನು ತಪ್ಪು? ಎಂಟನೇ ಕ್ಲಾಸಿನ ಹುಡುಗ ಹಬ್ಬದೂಟ ಉಂಡು ಮಲಗೋಣ ಅಂತ ನೋಡಿದರೆ ಮನೆಯಲ್ಲಿ ನೆಲವೇ ಕಾಣಲಿಲ್ಲ. ಶೇಂಗಾ ಮೂಟೆ, ಕುರಿ ಉಣ್ಣೆಯ ಗಂಟು, ಹಬ್ಬಕ್ಕೆ ಬಂದ ನೆಂಟರು, ನೆಂಟರ ಚೀಲಗಳು. ಸಿಟ್ಟು ಬಂತು. ಸ್ಕೂಲ್ ಚೀಲದೊಳಗಿನ ಪುಸ್ತಕ ಸುರಿದು, ಎರಡು ಅಂಗಿ ತುಂಬಿಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಆ ಪುಸ್ತಕಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ಅದಕ್ಕೂ ನನಗೆ ಸಿಟ್ಟೇ.

ಆಮೇಲೆ ಬಳ್ಳಾರಿ, ಬೆಂಗಳೂರು, ತಿರುಪ್ಪೂರು ಅಂತ ಗಾರ್ಮೆಂಟಿನ ಹಿಂದೆ ತಿರುಗಿದೆ. ಕತ್ತರಿ ಹಿಡಿ ಅಂದಲ್ಲಿ ಕತ್ತರಿ, ಇಸ್ತ್ರಿ ಹಿಡಿ ಅಂದಲ್ಲಿ ಇಸ್ತ್ರಿ. ನಡುನಡುವೆ ಆಂಧ್ರದ ಗಡಿಯ ನಮ್ಮೂರು ರಾಯದುರ್ಗಕ್ಕೆ ಬಂದಾಗಲೆಲ್ಲ ಇಂಥದ್ದೊಂದು ನಡೆದೇ ನಡೆಯುತ್ತದೆ. ಕೇಳಿದವರು ನಗುತ್ತಾರೆ. ನಗುವವರಿಗೆ ಅವರವರ ಮನೆಯಲ್ಲಿ ಮಲಗಲು ಜಾಗ ಇರಬೇಕು. ನಾನು ಕೇಳಿದ್ದಾದರೂ ಏನು? ಕಿಟಕಿ ಕೆಳಗೆ ಒಂದು ಚಾಪೆ ಹಾಸುವಷ್ಟು ನೆಲ. ಅಷ್ಟೇ.

೧. ನನ್ನ ಪ್ಯಾಂಟು

ಒಂದು ಸಲ ಬರುವಷ್ಟರಲ್ಲಿ ನಮ್ಮೂರಿಗೆ ಜೀನ್ಸ್ ಬಂದುಬಿಟ್ಟಿತ್ತು. ಯೂನಿಟ್ಟಿನವರು ಬಟ್ಟೆ ಕತ್ತರಿಸಿ ಬಂಡಲು ಕಟ್ಟಿ ಕೊಡುವುದು, ಮನೆಮಂದಿ ಹೊಲಿದು ಕೊಡುವುದು. ಅಣ್ಣ ನಡುಮನೆಯಲ್ಲಿ ನಾಲ್ಕು ಮಿಷನ್ನು ಹಾಕಿದ್ದ. ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಒಳಗಿಂದ ಅತ್ತಿಗೆಯ ದನಿ ಮಾತ್ರ ಬಂತು.

"ಅಡ್ಡಡ್ಡ ಬರ್ರಿ ಮೈದನಾರ, ನೆಟ್ಟಗ ಬಂದ್ರ ಸಾಲಂಗಿಲ್ಲ."

ಅಡ್ಡಡ್ಡ ಹೋದೆ. ಕಿಟಕಿ ಕಡೆ ನೋಡಿದರೆ ಎದೆಯುದ್ದ ಪ್ಯಾಂಟಿನ ರಾಶಿ.

"ಅಣ್ಣ, ನನ್ನ ಜಾಗ ಎಲ್ಲಿ?"

"ಅದರ ಕೆಳಗೇ ಐತಲೇ. ಎಲ್ಲಿಗೂ ಹೋಗಿಲ್ಲ."

ಸಿಟ್ಟನ್ನು ನುಂಗಿಕೊಂಡೆ. ಮೈಮೇಲಿದ್ದ ಒಂದೇ ಒಂದು ಜೀನ್ಸ್ ಒಗೆದು ಒಣಗಿಸಿ, ಮಡಚಿ, ಬೇರೆ ಜಾಗ ಇಲ್ಲದ್ದಕ್ಕೆ ಆ ರಾಶಿಯ ಮೇಲೇ ಇಟ್ಟು, ಲುಂಗಿ ಸುತ್ತಿಕೊಂಡು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ರಾಶಿ ಮಾಯ. ಯೂನಿಟ್ಟಿನ ಆಟೋ ಬಂದು ಹೊತ್ತುಕೊಂಡು ಹೋಗಿತ್ತು.

"ಅತ್ತಿಗಿ, ನನ್ನ ಪ್ಯಾಂಟು?"

"ಅಯ್ಯ, ಅದು ನಿಮ್ದೇನು? ಲೇಬಲ್ ಇರಲಿಲ್ಲ, ನಾನೇ ಹಚ್ಚಿ ಕಳಿಸಿದೆ."

ವಾರ ಬಿಟ್ಟು ಯೂನಿಟ್ಟಿನ ಯಜಮಾನ ಒಂದು ರಿಜೆಕ್ಟ್ ಪ್ಯಾಂಟು ಹಿಡಿದುಕೊಂಡು ಬಂದ. ಲುಂಗಿಯಲ್ಲೇ ಇದ್ದ ನಾನು ಓಡಿ ಹೋಗಿ ಕೈಚಾಚಿದೆ. ಅದು ನನ್ನದಲ್ಲ, ಅಣ್ಣ ಹೊಲಿದದ್ದು, ಜಿಪ್ಪು ಸೊಟ್ಟ. ನನ್ನದು ಪಾಸಾಗಿತ್ತು.

"ಎಲ್ಲಾ ಪೀಸೂ ಒಂದ್ ಥರ, ಒಂದು ಪೀಸು ಮಾತ್ರ ಮೊಣಕಾಲ ಹತ್ರ ಎಂಥಾ ಬಣ್ಣ ಬಿಟ್ಟೈತ್ರಿ!" ಅಂದ ಯಜಮಾನ. "ಬಳ್ಳಾರಿ ಸೇಟು ಅಂಥದ್ದೇ ಬೇಕಂತ ಕುಂತಾನ. ಹೆಂಗ್ ಮಾಡಿದ್ರಿ?"

"ಮೂರು ವರ್ಷ ತಿರುಪ್ಪೂರಿನ ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ ಮಲಗಿದರೆ ಆ ಬಣ್ಣ ಬರ್ತೈತಿ" ಅಂತ ಹಲ್ಲು ಕಡಿದೆ.

ಯಜಮಾನ ಹೋದ ಮೇಲೆ ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವನು ನನ್ನನ್ನು ಅಷ್ಟು ಪ್ರೀತಿಯಿಂದ ಯಾವತ್ತೂ ನೋಡಿರಲಿಲ್ಲ.

"ತಮ್ಮಾ, ಒಂದು ಡಜನ್ ಹೊಸಾವು ಕೊಡ್ತೀನಿ. ಹಾಕ್ಕೊಂಡು ತಿರುಗಿ ಬರ್ತಿ ಏನು?"

೨. ಹಿಂಬಾಗಿಲು

ಮನೆ ಖಾಲಿ ಮಾಡದೆ ನನಗೆ ಜಾಗ ಸಿಗುವುದಿಲ್ಲ ಅಂತ ಗೊತ್ತಾಯಿತು. ಅಟ್ಟ ಖಾಲಿಯಾದರೆ ಬಂಡಲುಗಳು ಅಟ್ಟಕ್ಕೆ ಹೋಗುತ್ತವೆ, ಬಂಡಲು ಹೋದರೆ ನೆಲ ನನ್ನದು. ಲೆಕ್ಕ ಸರಿಯಾಗಿತ್ತು. ಬೆಳಗ್ಗೆಯೇ ತಲೆಗೆ ಟವೆಲ್ ಸುತ್ತಿ ಅಟ್ಟ ಹತ್ತಿದೆ.

ಕಡ್ಡಿ ಇಲ್ಲದ ಛತ್ರಿ. ಪಾತ್ರೆ ಇಲ್ಲದ ಮುಚ್ಚಳ. ಅಜ್ಜ ಸತ್ತಾಗ ತಂದ ಪೆಟ್ರೋಮ್ಯಾಕ್ಸು. ಇಳಿಸುತ್ತಾ ಬಯ್ಯುವುದು, ಬಯ್ಯುತ್ತಾ ಮುಂಬಾಗಿಲಿಂದ ಬೀದಿಗೆ ಎಸೆಯುವುದು. ಮಧ್ಯಾಹ್ನ ಆದರೂ ಏಣಿಯ ಬುಡದಲ್ಲಿದ್ದ ರಾಶಿ ಕರಗಲೇ ಇಲ್ಲ. ಅದೇ ಛತ್ರಿ ಮೂರನೇ ಸಲ ಕೈಗೆ ಬಂದಾಗ ನನಗೆ ಅನುಮಾನ ಬಂತು. ಓಣಿ ಸುತ್ತಿ ಹಿಂದೆ ಹೋಗಿ ನೋಡಿದೆ. ಅವ್ವ ಮುಂಬಾಗಿಲಲ್ಲಿ ಆರಿಸಿಕೊಂಡದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂಬಾಗಿಲಿಂದ ಒಳಗೆ ತರುತ್ತಿದ್ದಳು. ತಂದು ಏಣಿಯ ಬುಡದಲ್ಲಿ ಇಡುತ್ತಿದ್ದಳು. ನಾನು ಮತ್ತೆ ಎಸೆಯುತ್ತಿದ್ದೆ.

"ಅವ್ವಾ! ಬೆಳಿಗ್ಗೆಯಿಂದ ಸಾಯ್ತಾ ಇದೀನಿ. ಒಂದು ಮಾತು ಹೇಳಾಕ ಆಗ್ಲಿಲ್ಲೇನು?"

"ಯಾಕ ಹೇಳಲಿ? ಒಂದೊಂದು ಸಲ ಎಸೆದಾಗೂ ಒಂದಿಷ್ಟು ಧೂಳು ಉದುರ್ತಿತ್ತು. ಸ್ವಚ್ಛ ಆಗ್ಲಿ ಅಂತ ಸುಮ್ನಿದ್ದೆ."

೩. ಪಾತ್ರೆಯವಳು

ಎರಡು ಮೂಟೆ ಹಳೇ ಬಟ್ಟೆಯನ್ನಾದರೂ ಹೊರಗೆ ಕಳಿಸಲೇಬೇಕು ಅಂತ ಹಟ ಹಿಡಿದೆ. ಅಷ್ಟರಲ್ಲಿ ಬೀದಿಯಲ್ಲಿ, "ಪಾತ ಬಟ್ಟಲಕು ಸ್ಟೀಲು ಸಾಮಾನೂ..." ಅಂತ ತೆಲುಗಿನಲ್ಲಿ ಕೂಗುತ್ತಾ, ತಲೆ ಮೇಲೆ ಪಾತ್ರೆ ಬುಟ್ಟಿ ಹೊತ್ತವಳು ಬಂದಳು. ಹಳೇ ಬಟ್ಟೆ ಕೊಟ್ಟರೆ ಹೊಸ ಪಾತ್ರೆ ಕೊಡುವವಳು. ಕೂಗು ಕೇಳುತ್ತಲೇ ಅವ್ವ, ಅತ್ತಿಗೆ ಇಬ್ಬರೂ ಮಿಷನ್ನು ಬಿಟ್ಟು ಎದ್ದರು. ಒಂದು ಗಂಟೆ ಚೌಕಾಸಿಯ ಕಾದಾಟ. ಅವ್ವ ಗೆದ್ದಳು. ಎರಡೂ ಮೂಟೆ ಹೋದವು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಖುಷಿ.

ತಿರುಗಿ ನೋಡಿದರೆ ಕಿಟಕಿ ಕೆಳಗೆ ಮೂರು ಬಿಂದಿಗೆ, ಒಂದು ದೊಡ್ಡ ಕೊಳಗ, ಒಂದರೊಳಗೊಂದು ಹೋಗದ ಐದು ಡಬ್ಬಿ.

ಮೂಟೆಗಳಿದ್ದಾಗ ತಲೆಗೆ ದಿಂಬಾದರೂ ಆಗುತ್ತಿದ್ದವು. ಸ್ಟೀಲು ಬಿಂದಿಗೆ ಮೇಲೆ ತಲೆಯಿಟ್ಟು ಮಲಗಿದವರು ಯಾರಾದರೂ ಇದ್ದರೆ ನನಗೆ ತಿಳಿಸಿ.

೪. ಬೀಸೋಕಲ್ಲು

ಆ ಬಿಂದಿಗೆಗಳನ್ನು ಅಡುಗೆಮನೆಗೆ ನೂಕಿದೆ. ಅಟ್ಟದ ಸಾಮಾನನ್ನು ಒಂದು ಮೂಲೆಗೆ ಒತ್ತಿ ಬಂಡಲುಗಳನ್ನು ಅಲ್ಲಿಗೆ ಏರಿಸಿದೆ. ಕೊನೆಗೂ ನನ್ನ ಜಾಗದ ನೆಲ ಕಂಡಿತು. ಅದರ ನಟ್ಟನಡುವೆ ಏನಿತ್ತು? ಬೀಸೋಕಲ್ಲು. ಊರಲ್ಲಿ ಹಿಟ್ಟಿನ ಗಿರಣಿ ಬಂದು ಯಾವ ಕಾಲವಾಯಿತೋ. ಆ ಕಲ್ಲು ತಿರುಗಿದ್ದನ್ನು ನಾನು ನೋಡಿಲ್ಲ. ಚಾಪೆ ಹಾಸಿದರೆ ಅದರ ಗೂಟ ಸರಿಯಾಗಿ ನನ್ನ ಪಕ್ಕೆಗೆ ಚುಚ್ಚುತ್ತಿತ್ತು.

"ಇದನ್ನ ತಿಪ್ಪಿಗೆ ಹಾಕ್ತೀನಿ" ಅಂದೆ.

ಅವ್ವ ಕೆನ್ನೆ ಬಡಿದುಕೊಂಡಳು. "ಬೀಸೋಕಲ್ಲು ಮಾರಂಗಿಲ್ಲ, ಬಿಸಾಡಂಗಿಲ್ಲ. ಮದುವಿ ಮನ್ಯಾಗ ಮೊದಲ ಪೂಜಿ ಅದಕ್ಕ. ಕೊಡೋದಾದ್ರ ಹೆಣ್ಣುಮಗಳ ಮನಿಗೆ ಕೊಡಬೇಕು. ಅಷ್ಟು ಉರಿ ಇದ್ರ ನಿಮ್ಮಕ್ಕನ ಮನಿಗೆ ಹೊತ್ಕೊಂಡು ಹೋಗು."

ಅಕ್ಕನನ್ನು ಕೊಟ್ಟಿರುವುದು ಮಡಕಶಿರಾದ ಆಚೆ, ಅಗಳಿಯ ಹತ್ತಿರ. ಬಸ್ಸಿನ ಮೇಲೆ ಬಸ್ಸು ಬದಲಾಯಿಸಬೇಕು. ಅವ್ವ ಮಾತಿಗೆ ಹೇಳಿದ್ದಳು. ನಾನು ಸಿಟ್ಟಿಗೆ ಹೊತ್ತುಕೊಂಡೆ. ಕೆಳಗಲ್ಲು ಒಂದು ಗೋಣಿಯಲ್ಲಿ, ಮೇಲಿನ ಕಲ್ಲು ಇನ್ನೊಂದು ಗೋಣಿಯಲ್ಲಿ.

ಕಂಡಕ್ಟರು ಗೋಣಿಯನ್ನು ಕಾಲಿನಿಂದ ಒದ್ದು, ಕಾಲು ಹಿಡಿದುಕೊಂಡು ಕುಂಟಿದ. "ಏಮುಂದಯ್ಯಾ ಇಂದುಲೋ?" ಒಳಗೇನಿದೆ ಅಂತ.

"ಕಲ್ಲು."

"ರಾಯದುರ್ಗದ ಬೆಟ್ಟದ ತುಂಬ ಕಲ್ಲು, ಅಗಳಿ ದಾರಿಯುದ್ದಕ್ಕೂ ಕಲ್ಲು" ಅಂತ ಅವನು ಕನ್ನಡಕ್ಕೆ ಇಳಿದ. "ಇಲ್ಲಿಂದ ಅಲ್ಲಿಗೆ ಕಲ್ಲು ಸಾಗಿಸೋನನ್ನ ನನ್ನ ಸರ್ವೀಸಿನಾಗೇ ನೋಡಿಲ್ಲ. ಯಾರ ಮ್ಯಾಲಪ್ಪ ನಿನಗೆ ಸಿಟ್ಟು?"

ಇಡೀ ಬಸ್ಸಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ.

೫. ಹುಳದ ಮನೆ

ಅಕ್ಕನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಾನು ಹೋದಾಗ ಹುಳ ದೊಡ್ಡವಾಗಿ, ಇನ್ನೇನು ಗೂಡು ಕಟ್ಟುವ ಹೊತ್ತು. ಎರಡೂ ಗೋಣಿ ಅಂಗಳದಲ್ಲಿ ಇಳಿಸಿ, ನಡು ಹಿಡಿದುಕೊಂಡು ಬಾಗಿಲಿಗೆ ಬಂದೆ. ಅಕ್ಕ ಹಿಪ್ಪುನೇರಳೆ ಸೊಪ್ಪಿನ ಕೊಂಬೆ ಅಡ್ಡ ಹಿಡಿದಳು.

"ನಿಲ್ಲು ಅಲ್ಲೇ! ತಲೆಗೇನೋ ಹಚ್ಕಂಡಿದ್ದೀಯ?"

"ವಾಸನೆ ಎಣ್ಣೆ."

"ಬೀಡಿ ಸೇದಿದ್ಯಾ?"

"ಬಸ್ ಸ್ಟ್ಯಾಂಡಲ್ಲಿ ಒಂದು."

"ಹಂಗಾರೆ ಒಳಿಕ್ ಕಾಲಿಕ್ಕಬ್ಯಾಡ. ಹುಳ ಕೆಟ್ಟೋಗ್ತವೆ ಕಣೋ."

ಅವಳ ಭುಜದ ಮೇಲಿಂದ ಒಳಗೆ ಇಣುಕಿದೆ. ಸುಣ್ಣ ಬಳಿದ ಗೋಡೆ. ತೊಳೆದು ಒರೆಸಿದ ನೆಲ. ಪೆಟ್ಟಿಗೆ ಇಲ್ಲ, ಮೂಟೆ ಇಲ್ಲ, ಹಳೇ ಛತ್ರಿ ಇಲ್ಲ. ಹುಳದ ತಟ್ಟೆಗಳು ಸಾಲಾಗಿ, ಉಳಿದದ್ದೆಲ್ಲ ಖಾಲಿ. ಯಾವ ಮನೆಗಾಗಿ ನಾನು ಇಷ್ಟು ವರ್ಷ ಕೂಗಾಡಿದೆನೋ ಅದೇ ಮನೆ ಅಲ್ಲಿತ್ತು, ಹುಳಗಳು ಆರಾಮಾಗಿ ಮಲಗಿಕೊಂಡು ತಿನ್ನುತ್ತಿದ್ದವು. ಮನೆಯ ಸಾಮಾನು, ಮಕ್ಕಳು, ಭಾವ ಎಲ್ಲರೂ ಹೊಂಗೆ ಮರದ ಕೆಳಗಿದ್ದರು.

"ಬಾರಯ್ಯ, ಇತ್ತ ಬಾ" ಅಂದ ಭಾವ, ಮಂಚದಲ್ಲಿ ಸ್ವಲ್ಪ ಸರಿದು. "ನಂದೂ ಒಳಗೆ ನಡೆಯಲ್ಲ."

"ಅಕ್ಕಾ, ಅವ್ವ ಕೊಟ್ಟ ಬೀಸೋಕಲ್ಲು ಹೊತ್ಕೊಂಡು ಬಂದಿದ್ದೀನಿ."

ಅಕ್ಕನ ಮುಖ ಅರಳಿತು. ಓಡಿ ಬಂದು ಗೋಣಿ ಬಿಚ್ಚಿದಳು. ಕಲ್ಲು ತೊಳೆದಳು, ಅರಿಶಿನ ಕುಂಕುಮ ಇಟ್ಟಳು. ಭಾವನ ಕೈಲಿ ಬಾಗಿಲ ತನಕ ಹೊರಿಸಿ, ಅಲ್ಲಿಂದ ತಾನೇ ಉರುಳಿಸಿಕೊಂಡು ಹೋಗಿ ಆ ಖಾಲಿ ಮನೆಯ ತಂಪಾದ ಮೂಲೆಯಲ್ಲಿ ಇಟ್ಟಳು. ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತೌರಿನ ಕಲ್ಲು ಕಣೋ, ಅದು ಒಳಗಿರಲಿ. ನೀನು ಆಚೆನೇ ಇರು."

೬. ಇಂಚು ಟೇಪು

ಗೂಡು ಬಿಡಿಸಿದ ಮೇಲೆ ವಾಪಸು ಹೊರಟೆ. ತೌರಿಂದ ಸಾಮಾನು ತಂದವನನ್ನು ಬರಿಗೈಯಲ್ಲಿ ಕಳಿಸಬಾರದಂತೆ. ಅಕ್ಕ ಒಂದು ಮೂಟೆ ರಾಗಿ ಹೊರಿಸಿದಳು. ಬೇಡ ಅಂದೆ. ಬೇಡ ಅಂದದ್ದಕ್ಕೆ ಮೇಲೆ ಒಂದು ಗಂಟು ಶೇಂಗಾ ಇಟ್ಟಳು. ಅದೇ ಕಂಡಕ್ಟರು ಸಿಕ್ಕ. ಈ ಸಲ ಮೂಟೆ ಒದೆಯಲಿಲ್ಲ.

ರಾಯದುರ್ಗ ತಲುಪಿದ ದಿನ ಸಂಕ್ರಾಂತಿ. ಬೇರೆಲ್ಲೂ ಸಂದಿ ಇರಲಿಲ್ಲ, ಮೂಟೆಯನ್ನು ಕಿಟಕಿ ಕೆಳಗೆ ಇಳಿಸಿದೆ. ನೆಂಟರು ಬಂದರು, ಮೂಟೆಯ ಮೇಲೇ ಕೂತು ಉಂಡರು. ಕರಿದಿನ ಹೊರಡಬಾರದು ಅಂತ ರಾತ್ರಿಯೇ ಹೋದರು. ಮರುದಿನ ಮೂಟೆಯನ್ನು ಎಳೆದು ಮಿಷನ್ನಿನ ಕಾಲಡಿ ತುರುಕಿದೆ. ನೆಲ ಗುಡಿಸಿದೆ. ಚಾಪೆ ಬಿಡಿಸಿದೆ. ಮಲಗಿದೆ.

ಕಾಲು ಚಾಚಿದೆ. ಏನೂ ತಾಗಲಿಲ್ಲ. ಕೈ ಚಾಚಿದೆ. ಏನೂ ತಾಗಲಿಲ್ಲ. ಕಿಟಕಿಯಿಂದ ಗಾಳಿ ಬರುತ್ತಿತ್ತು. ಇನ್ನು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಅಣ್ಣನ ಜೊತೆ ಹೊಲಿದುಕೊಂಡು ಇದ್ದುಬಿಡುತ್ತೇನೆ ಅಂತ ನಿಜವಾಗಿಯೂ ಅಂದುಕೊಂಡೆ.

ಅವ್ವ ರಾಗಿ ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ಮೂಸಿ ನೋಡಿದಳು.

"ಮಗಳ ಹೊಲದ ರಾಗಿ. ಎಷ್ಟು ಚೆಂದ ಐತಿ. ಲೇ, ಇದನ್ನ ಬೀಸಾಕ ಕಲ್ಲು ಎಲ್ಲೈತೋ?"

ನಾನು ಕಣ್ಣು ಮುಚ್ಚಿಕೊಂಡೆ. "ಗಿರಣಿಗೆ ಹಾಕಿಸು."

"ಮಗಳು ಕೊಟ್ಟ ರಾಗೀನ ಗಿರಣಿಗೆ ಹಾಕ್ತಾರೇನು? ಊರ ಮಂದಿ ಜೋಳದ ಹಿಟ್ಟು ಅದರಾಗ ಬೆರೀತೈತಿ. ಅಗಳಿಗೆ ಹೋಗಿ ಕಲ್ಲು ತಗೊಂಡು ಬಾ."

ಎದ್ದು ಕೂತೆ. ಏನು ಕೂಗಿದೆನೋ ನೆನಪಿಲ್ಲ, ಪಕ್ಕದ ಮನೆಯ ಮಿಷನ್ನುಗಳೂ ನಿಂತವು. ಗೋಡೆಗೆ ನೇತುಹಾಕಿದ್ದ ಚೀಲ ಕಿತ್ತುಕೊಂಡೆ. ಅಂಗಿ ತುರುಕಿದೆ, ಲುಂಗಿ ತುರುಕಿದೆ, ಬಾಚಣಿಗೆ ತುರುಕಿದೆ.

"ಕರಿದಿನ ಹೊರಡಬ್ಯಾಡೋ" ಅಂದಳು ಅವ್ವ.

"ಕರಿದಿನಾನೇ ಹೊರಡ್ತೀನಿ!"

ಚಾಪೆ ಸುತ್ತಿದೆ. ಅಣ್ಣ, ಅತ್ತಿಗೆ, ಅವ್ವ ಮೂವರೂ ಬಂದು ಸುತ್ತ ನಿಂತರು. ನನ್ನನ್ನು ತಡೆಯುತ್ತಾರೆ ಅಂದುಕೊಂಡೆ. ಅವರು ನೋಡುತ್ತಿದ್ದದ್ದು ನೆಲವನ್ನು.

"ಅಯ್ಯ, ಎಷ್ಟು ಜಾಗ ಐತಲ್ರಿ ಇಲ್ಲಿ!" ಅಂದಳು ಅತ್ತಿಗೆ.

ಅಣ್ಣ ಕೊರಳಿನ ಇಂಚು ಟೇಪು ತೆಗೆದು ಬಗ್ಗಿದ. ಉದ್ದ ಅಳೆದ, ಅಗಲ ಅಳೆದ. "ಓವರ್‌ಲಾಕ್ ಮಿಷನ್ನು ಕರೆಕ್ಟಾಗಿ ಕೂಡ್ತೈತಿ."

"ತೆಗಿ ಟೇಪು!" ಅಂತ ಅವ್ವ ಗದರಿಸಿದಳು. ಅಷ್ಟು ಜೋರಾಗಿ ಅವಳು ಅಣ್ಣನನ್ನು ಗದರಿಸಿದ್ದು ನಾನು ಕೇಳಿರಲಿಲ್ಲ. "ಅಲ್ಲಿ ಯಾರೂ ಏನೂ ಇಡಂಗಿಲ್ಲ. ಮಿಷನ್ನೂ ಇಲ್ಲ, ಬಂಡಲೂ ಇಲ್ಲ. ಆ ಜಾಗ ಹಂಗೇ ಖಾಲಿ ಇರಬೇಕು."

ಚೀಲದ ಬಾಯಿ ಕಟ್ಟುತ್ತಿದ್ದ ನನ್ನ ಕೈ ನಿಂತಿತು. ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ಒಬ್ಬರ ಬಾಯಿಂದ ಆ ಮಾತು ಬಂತಲ್ಲ. ಕಟ್ಟಿದ ಗಂಟು ಬಿಚ್ಚೋಣ ಅಂತ ಬೆರಳು ಹಾಕಿದೆ.

ಅವ್ವ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದಳು: "ನೀ ಕಲ್ಲು ತಂದ ಮ್ಯಾಲ ಎಲ್ಲಿಡೋದು ಮತ್ತ?"

ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದೆ.