ಕಾಕಾನ ನಿಂತುಹೋದ ಟೊರೆಂಟು

ನಮ್ಮ ಕಾಕಾ ಊರೂರಿನ ಕಂಪ್ಯೂಟರುಗಳಿಗೆ ಅನ್ನಸಂತರ್ಪಣೆ ಮಾಡುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ! ಆ ಶನಿವಾರ ಅಮೆರಿಕದ ನಾರ್ತ್ ಕ್ರೀಕ್‌ನ ಅವರ ಮನೆಯಲ್ಲಿ ನಾನೂ ನಗುತ್ತಲೇ ಕೂತಿದ್ದೆ. ಕಾಕಾ ಲ್ಯಾಪ್‌ಟಾಪಿನ ಮುಂದೆ, ಕಾಕು ಒಲೆಯ ಮುಂದೆ, ನಾನು ಚುರುಮುರಿ ತಟ್ಟೆಯ ಮುಂದೆ.

"ನೋಡಲೇ ತಮ್ಮಾ, ತೊಂಬತ್ತು ಪರ್ಸೆಂಟಿಗೆ ಬಂದು ಮೊಂಡ ಎತ್ತು ಕೂತಂಗ ಕೂತದ!"

ಕೂತದ್ದು ಬೀಸುಕಲ್ಲಿನ ಹಾಡುಗಳ ಟೊರೆಂಟು. ಹಳ್ಳಿಗಳಲ್ಲಿ ಹಾಡು ರೆಕಾರ್ಡ್ ಮಾಡಿ ಕೂಡಿಸಿದವರ ಮನೆಯವರೇ ಎಲ್ಲರೂ ಕೇಳಲಿ ಎಂದು ಬಿಟ್ಟದ್ದು. ಟೊರೆಂಟು ಒಂದೇ ಕಡೆಯಿಂದ ಬರುವುದಿಲ್ಲ. ಯಾರ‍್ಯಾರದೋ ಕಂಪ್ಯೂಟರಿನಿಂದ ತುಣುಕು ತುಣುಕಾಗಿ ಬರುತ್ತದೆ. ನಮ್ಮಲ್ಲಿಗೆ ಬಂದದ್ದು ಇನ್ನೊಬ್ಬರಿಗೆ ಹೋಗುತ್ತದೆ. ಆ ರಾಶಿಯ ಕೊನೆಯಲ್ಲಿ, ಇನ್ನೂ ಬಾರದ ಹಾಡೊಂದು ಗದಗಿನಲ್ಲಿರುವ ಕಾಕಾನ ಅಕ್ಕ ಹಿಂದೆಂದೋ ಹಾಡಿದ್ದು. ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ದನಿಯೇ ಇಲ್ಲ. "ಅಜ್ಜಿ ಖರೇನ ಹಾಡತಿದ್ದಳಾ?" ಎಂದು ಮೊಮ್ಮಗಳು ಕೇಳಿದಳಂತೆ. ಕೇಳಿಸ್ತೀನಿ ಎಂದು ಕಾಕಾ ಮಾತು ಕೊಟ್ಟುಬಿಟ್ಟಿದ್ದರು.

ಇಸ್ಸಾಕ್ವಾದ ಗೆಳೆಯ "ಪೋರ್ಟ್ ಓಪನ್ ಮಾಡಿ" ಅಂದ; ಮಾಡಿದರು. ಫ್ರೀಮಾಂಟಿನವನು "ರೂಟರ್ ಮೇಲಿಡಿ ಸಾರ್" ಅಂದ; ಮಹಡಿಗೆ ಒಯ್ದರು. ಎತ್ತು ಏಳಲಿಲ್ಲ, ಅಡುಗೆಮನೆಗೆ ವೈಫೈ ಸಿಗದೆ ಕಾಕುವಿನ ಧಾರಾವಾಹಿ ಮಾತ್ರ ನಿಂತಿತು! ಆ ಇಬ್ಬರನ್ನೂ ಇನ್ನು ಮನೆಗೆ ಕರೆಯಬಾರದೆಂದು ಕಾಕುವಿನ ಅಪ್ಪಣೆಯಾಗಿದೆ.

ನಾನು ತಟ್ಟೆ ಬದಿಗಿಟ್ಟು ಪರದೆ ನೋಡಿದೆ. ಇಷ್ಟು ವರ್ಷ ಇಳಿಸಿಕೊಂಡ ಪುಕ್ಕಟೆ ಸಾಫ್ಟ್‌ವೇರುಗಳನ್ನೆಲ್ಲ ಕಾಕಾ ಇನ್ನೂ ಜಗತ್ತಿಗೆ ಕಳಿಸುತ್ತಲೇ ಇದ್ದಾರೆ!

"ಇವನ್ನೆಲ್ಲ ಯಾಕ ಚಾಲೂ ಇಟ್ಟೀರಿ ಕಾಕಾ?"

"ಮಂದಿ ಮನಿಯಿಂದ ಡಬ್ಬಿ ತುಂಬಿ ಬಂದಿತ್ತಲ್ಲೋ. ಖಾಲಿ ಡಬ್ಬಿ ಹ್ಯಾಂಗ ವಾಪಸ್ ಕೊಡೂದು? ಒಂದಿಷ್ಟು ಸಕ್ರೀನರ ಹಾಕಿ ಕೊಡಬೇಕು."

"ಸಕ್ರಿ ಚಮಚಾದಾಗ ಹಾಕ್ತಾರ. ನೀವು ಚೀಲಾನ ಸುರದೀರಿ!"

ಇವರ ಇಂಟರ್ನೆಟ್ ಲೈನಿನಲ್ಲಿ ಹೊರಗೆ ಹೋಗುವ ದಾರಿ ಕಿರಿದು. ಅದು ತುಂಬಿಹೋದರೆ "ಮುಂದಿನ ತುಣುಕು ಕೊಡಿ" ಎಂದು ಕೇಳುವುದಕ್ಕೂ ಸಂದಿಲ್ಲ. ಕಳಿಸುವುದಕ್ಕೊಂದು ಮಿತಿ ಹಾಕೋಣ ಎಂದೆ.

"ಬಡಸೋ ಕೈ ಹಿಡೀ ಅಂತೀಯೇನು? ಆಗೂದಿಲ್ಲ!"

ಇದಕ್ಕೇನು ಹೇಳುತ್ತೀರಿ? ಬೇಡುವವರನ್ನು ಬೇಡವೆಂದು ಕಳಿಸಬಹುದು. ಕೊಡುವವರ ಕೈ ಹಿಡಿಯುವುದು ಹೇಗೆ? ಕಾಕು ಸೌಟು ಹಿಡಿದೇ ಹೊರಗೆ ಬಂದರು.

"ಅಲ್ರೀ, ಅಕ್ಕನ ಎಲಿ ಖಾಲಿ ಇಟ್ಟು ಊರ ಮಂದೀಗೆ ಬಡಸೂದು ಯಾವ ಧರ್ಮ?"

ಕಾಕಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು.

"ಕಮ್ಮಿ ಮಾಡು. ಪೂರಾ ಬಂದ್ ಮಾತ್ರ ಮಾಡಬ್ಯಾಡ."

ಬೆಳಗಾಗುವಷ್ಟರಲ್ಲಿ ಎಲ್ಲ ಇಳಿದಿತ್ತು. ಕಾಕಾ ಗದಗಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಲ್ಯಾಪ್‌ಟಾಪಿಗೆ ಆನಿಸಿ ಹಾಡು ಹಚ್ಚಿದರು. ಮೊದಲು ಕಲ್ಲಿನ ಗರಗರ, ಅದರ ಮೇಲೆ ಒಂದು ಹರೆಯದ ದನಿ.

"ಅಜ್ಜಿ, ಇದು ನೀನಾ?" ಮೊಮ್ಮಗಳು ಕೇಳಿದಳು.

ಮಂಚದ ಮೇಲಿದ್ದ ಅಕ್ಕನ ಬಲಗೈ ಮುಷ್ಟಿಯಾಗಿ, ಬೀಸುಕಲ್ಲಿನ ಗೂಟ ಹಿಡಿದಂತೆ, ನಿಧಾನವಾಗಿ ಸುತ್ತತೊಡಗಿತು. ಹಾಡು ಮುಗಿದರೂ ಕೈ ನಿಲ್ಲಲಿಲ್ಲ. ಕಾಕಾ ಮತ್ತೆ ಹಚ್ಚಿದರು.