ಇಬ್ಬರು ಚುರುಕಿಯರ ನಡುವೆ ಕೊಡೆರಾಯರು

ಎಲ್ಲಕ್ಕೂ ಮೂಲ ಒಂದು ಟಾರ್ಚು. ಅದೂ ಕೈಯಲ್ಲಿ ಹಿಡಿಯುವ ಟಾರ್ಚಲ್ಲ, ಕತೆಪುಸ್ತಕದೊಳಗಿನ ಟಾರ್ಚು.

ಕತೆಪುಸ್ತಕ ಅಂದರೆ ಚುರುಕಿಯದು. ಹದಿನೈದು ವರ್ಷದ ಹುಡುಗಿ; ಶಾಲೆಯ ಕೊನೇ ಗಂಟೆ ಹೊಡೆದದ್ದೇ ತಡ, ಕಳ್ಳರನ್ನು ಹಿಡಿಯಲು ಹೊರಡುವವಳು. ಒಂದು ಕಾಲಕ್ಕೆ ಊರಿನ ಮಕ್ಕಳೆಲ್ಲ ಅವಳನ್ನು ಗಣಿತದ ಪುಸ್ತಕದೊಳಗೆ ಬಚ್ಚಿಟ್ಟು ಓದಿ, ಗಣಿತದಲ್ಲಿ ಗೋತಾ ಹೊಡೆದವರೇ. ಈಚೆಗೆ ಪ್ರಕಾಶಕರು ಆ ಸರಣಿಯನ್ನು ತಿದ್ದಿ ತೀಡಿ ಹೊಸದಾಗಿ ಅಚ್ಚು ಹಾಕಿಸಿದರು. ಹಳೇ ಚುರುಕಿಗೆ ಎರಡು ಜಡೆ, ಸೈಕಲ್ಲು, ಟಾರ್ಚು. ಹೊಸ ಚುರುಕಿಗೆ ಕತ್ತರಿಸಿದ ಕೂದಲು, ಕೈಯಲ್ಲಿ ಫೋನು. ಹಳೆಯವಳು ಕಳ್ಳನನ್ನು ಜಡೆಯ ರಿಬ್ಬನ್ನಿನಿಂದ ಕಂಬಕ್ಕೆ ಕಟ್ಟಿಹಾಕುತ್ತಿದ್ದಳು. ಹೊಸಬಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನಿಮಗೆ ಯಾಕೆ ಹೀಗೆ ಮಾಡ್ಬೇಕು ಅನ್ನಿಸ್ತು?” ಎಂದು ಕೇಳುತ್ತಾಳೆ; ಅವನು ಗೊಳೋ ಎಂದು ಅತ್ತು ಒಪ್ಪಿಕೊಳ್ಳುತ್ತಾನೆ. ಊರು ಎರಡು ಪಕ್ಷವಾಗಲು ಇಷ್ಟು ಸಾಲದೆ?

ಹಳೇ ಪಕ್ಷ ಬುಧವಾರ ಸಂಜೆ ಟೈಲರಕ್ಕನ ಅಂಗಡಿಯ ಮಹಡಿಯಲ್ಲಿ ಸೇರುತ್ತಿತ್ತು. ಅದರ ಮುಖಂಡರು ನಿವೃತ್ತ ಮೇಷ್ಟ್ರು. ಹೊಸ ಪಕ್ಷ ಶನಿವಾರ ಸಂಜೆ, ರೋಗಿಗಳೆಲ್ಲ ಹೋದ ಮೇಲೆ, ಹಲ್ಲಿನ ಡಾಕ್ಟರ ಶಾಪಿನಲ್ಲಿ. ಅಲ್ಲಿ ಡಾಕ್ಟರದ್ದೇ ದರ್ಬಾರು, ಬೇಕರಿಯಮ್ಮ ಅವರ ಬಲಗೈ. ಈ ಪಕ್ಷದವರು ಆ ಪಕ್ಷದವರ ನೆರಳು ಕಂಡರೂ ರಸ್ತೆ ದಾಟುತ್ತಿದ್ದರು.

ಎರಡೂ ಕಡೆ ತಪ್ಪದೆ ಹೋಗುತ್ತಿದ್ದ ಒಂದೇ ಒಂದು ಪ್ರಾಣಿಯೆಂದರೆ ನಮ್ಮ ಕೊಡೆರಾಯರು.

ಬಸ್ ನಿಲ್ದಾಣದಲ್ಲಿ, ಜನ ಬಸ್ಸಲ್ಲಿ ಮರೆತುಹೋದ ಸಾಮಾನುಗಳನ್ನು ಇಟ್ಟುಕೊಂಡು ಕೇಳಿ ಬಂದವರಿಗೆ ಕೊಡುವ ಕೌಂಟರು ಅವರದು. ಮರೆತದ್ದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಬಂದವರು ತಮ್ಮ ಕೊಡೆಯ ಮುಖ ನೋಡುತ್ತಿದ್ದರೇ ಹೊರತು ರಾಯರ ಮುಖ ನೋಡುತ್ತಿರಲಿಲ್ಲ. ಮನೆಗೆ ಹೋದರೆ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಕೆಲವು ದಿನ ರಾತ್ರಿ ಮಲಗುವಾಗ, ಬೆಳಗಿನಿಂದ ತಾವು ಆಡಿದ್ದು “ಇದೇನಾ ನಿಮ್ದು?” ಎಂಬ ಮಾತೊಂದೇ ಎಂದು ರಾಯರಿಗೆ ನೆನಪಾಗುತ್ತಿತ್ತು. ಗಂಟಲು ಸರಿಯಿದೆಯೋ ಇಲ್ಲವೋ ಎಂದು ನೋಡಲು ಒಮ್ಮೆ ಕೆಮ್ಮಿ ಮಲಗುತ್ತಿದ್ದರು.

ಹೀಗಿದ್ದಾಗ ಯಾರೋ ಮರೆತು ಹೋದ ಒಂದು ಹಳೇ ಚುರುಕಿ ಕೌಂಟರಿಗೆ ಬಂತು. ಹೊತ್ತು ಹೋಗದೆ ಅದನ್ನು ಓದುತ್ತಿದ್ದ ರಾಯರನ್ನು ಟೈಲರಕ್ಕ ಕಂಡು, “ಅಯ್ಯೋ, ನೀವೂ ನಮ್ಮವರೇನಾ!” ಎಂದು ಮಹಡಿಗೆ ಎಳೆದುಕೊಂಡು ಹೋದರು. ಆಮೇಲೆ ಒಂದು ಹೊಸ ಚುರುಕಿಯೂ ಬಂತು. ಈ ಸಲ ಕಂಡವರು ಡಾಕ್ಟರು. ನೀವು ನಮ್ಮವರೇನಾ ಎಂದು ಯಾರಾದರೂ ಕೇಳಿದರೆ ಅಲ್ಲ ಎನ್ನುವ ಶಕ್ತಿ ರಾಯರಿಗಿರಲಿಲ್ಲ. ಅವರು ಯಾರಿಗೂ ಸುಳ್ಳು ಹೇಳಿದವರಲ್ಲ. ಮಿಕ್ಕ ಸಂಜೆ ಎಲ್ಲಿರ್ತೀರಿ ಎಂದು ಯಾರೂ ಕೇಳಿರಲೇ ಇಲ್ಲ, ಅಷ್ಟೆ.

ಇನ್ನು ಟಾರ್ಚಿನ ವಿಷಯ. ಕಳೆದ ಬುಧವಾರ ಮೇಷ್ಟ್ರು ಒಂದು ಹೊಸ ವಾದ ಹೂಡಿದ್ದರು: “ಟಾರ್ಚಿನ ಸೆಲ್ಲು ಯಾವಾಗ ಮುಗಿಯುತ್ತೋ ಗೊತ್ತಿಲ್ಲ. ಅದಕ್ಕೇ ಓದೋರಿಗೆ ಎದೆ ಡವಡವ ಅನ್ನೋದು. ಫೋನಿನ ಬೆಳಕಲ್ಲಿ ಏನಿದೆ ಭಯ?” ಮಹಡಿಯೆಲ್ಲ ಚಪ್ಪಾಳೆ. ಶನಿವಾರ ಡಾಕ್ಟರ ಶಾಪಿನಲ್ಲಿ, “ನೀವೂ ಏನಾದ್ರೂ ಹೇಳಿ ರಾಯರೇ” ಎಂದು ಒತ್ತಾಯಿಸಿದಾಗ, ಸ್ವಂತದ್ದು ಏನೂ ಹೊಳೆಯದೆ ರಾಯರು, “ಅವರು ಟಾರ್ಚಿನ ಸೆಲ್ಲಿನ ಬಗ್ಗೆ ಹೇಳಬಹುದು” ಎಂದುಬಿಟ್ಟರು. ಬೇಕರಿಯಮ್ಮ ಕೂಡಲೇ ಉತ್ತರ ಹೊಸೆದರು. ಹೊಸೆದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಭಾನುವಾರ ಬೆಳಗ್ಗೆ, ಊರಿಗೊಂದೇ ಬೇಕರಿಯಾದ್ದರಿಂದ ವಿಧಿಯಿಲ್ಲದೆ ಬ್ರೆಡ್ಡು ಕೊಳ್ಳಲು ಬಂದ ಟೈಲರಕ್ಕನ ಮುಖಕ್ಕೇ ಹೇಳಿದರು: “ಸೆಲ್ಲು ಮುಗಿಯೋ ಹಾಗೆ ಫೋನಿನ ಚಾರ್ಜೂ ಮುಗಿಯುತ್ತೆ. ನಿಮ್ಮ ಮೇಷ್ಟ್ರಿಗೆ ಹೇಳಿ!”

ಟೈಲರಕ್ಕ ಬ್ರೆಡ್ಡು ಅಲ್ಲೇ ಬಿಟ್ಟು ಸೀದಾ ಬಸ್ ನಿಲ್ದಾಣಕ್ಕೆ ಬಂದರು.

“ರಾಯರೇ, ನಮ್ಮಲ್ಲೊಬ್ಬ ಗೂಢಚಾರ ಇದ್ದಾನೆ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ರಾಯರ ಕೈ ತಾನಾಗಿ ಹೆಗಲಿಗೆ ಹೋಯಿತು. “ಯಾ... ಯಾರಂತೆ?”

“ಅದನ್ನ ಕಂಡುಹಿಡಿಯೋದು ನೀವೇ. ದಾರೀಲಿ ಫೋನ್ ಮಾಡಿದ್ರೆ ಮೇಷ್ಟ್ರೂ ಅದನ್ನೇ ಹೇಳಿದ್ರು. ಚುರುಕಿ ಏನನ್ನುತ್ತಾಳೆ? ಜಾಸ್ತಿ ಮಾತಾಡೋರನ್ನ ನಂಬಬೇಡ. ನಮ್ಮಲ್ಲಿ ಮಾತೇ ಆಡದೋರು ನೀವೊಬ್ರು. ಇವತ್ತು ಸಂಜೆ ಲೈಬ್ರರೀಲಿ ಎರಡೂ ಪಕ್ಷದ ಮುಖಾಮುಖಿ ಇದೆಯಲ್ಲ, ಅಲ್ಲೇ ಅವನ ಮುಖವಾಡ ಕಿತ್ತುಹಾಕಿ.”

“ಅಕ್ಕಾ, ನಂಗೆ ಇದೆಲ್ಲ...”

“ಸಿಕ್ಕಿದ್ರೆ ಅವನನ್ನ ಮತ್ತೆ ಮೆಟ್ಟಿಲು ಹತ್ತೋಕೆ ಬಿಡಲ್ಲ ನಾನು. ಕತ್ತರಿ ಇದೆ ನನ್ನ ಹತ್ರ!”

ರಾಯರು ಆ ಮೆಟ್ಟಿಲುಗಳನ್ನು ನೆನೆದುಕೊಂಡರು. ಬುಧವಾರ ಅವುಗಳನ್ನು ಹತ್ತುವಾಗ ಮೇಲಿಂದ ನಗು, ಮಾತು, ಟೀ ಲೋಟದ ಸದ್ದು ಕೇಳಿಸುತ್ತಿತ್ತು. ಅದು ಇಲ್ಲದ ಬುಧವಾರ ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಂಗಳವಾರದ ಹಾಗೇ ಇರುತ್ತದೆ.

ಅಷ್ಟರಲ್ಲಿ ನಿಲ್ದಾಣದ ಬಾಗಿಲಲ್ಲಿ ಡಾಕ್ಟರು ಕಾಣಿಸಿದರು, ನೇರ ಕೌಂಟರಿಗೇ ಬರುತ್ತಿದ್ದಾರೆ! ಅವರು ಬಾಯಿ ತೆರೆಯುವ ಮೊದಲೇ ರಾಯರು ಕೈಗೆ ಸಿಕ್ಕ ಒಂದು ಹೂವಿನ ಕೊಡೆಯನ್ನು ಅವರ ಕೈಗೆ ತುರುಕಿದರು.

“ತಗೊಳ್ಳಿ ಸಾರ್, ನಿಮ್ಮ ಕೊಡೆ! ನಿನ್ನೆಯಿಂದ ಹುಡುಕ್ತಾ ಇದ್ರಲ್ಲ!”

ಡಾಕ್ಟರು ಟೈಲರಕ್ಕನನ್ನು ನೋಡಿದರು, ಕೊಡೆಯನ್ನು ನೋಡಿದರು. ಪತ್ತೇದಾರಿ ಓದಿ ಓದಿ ಹಣ್ಣಾದ ಮನುಷ್ಯ, ಇದು ಸಂಕೇತವೆಂದು ಥಟ್ಟನೆ ಅರ್ಥಮಾಡಿಕೊಂಡು ಕಣ್ಣು ಮಿಟುಕಿಸಿದರು. ಕೊಡೆ ಬಿಚ್ಚಿ, ನಿಲ್ದಾಣದ ಸೂರಿನ ಕೆಳಗೇ ಅದನ್ನು ಹಿಡಿದುಕೊಂಡು, ನಿಂತ ಬಸ್ಸೊಂದರ ಹಿಂದೆ ಮರೆಯಾದರು. ಟೈಲರಕ್ಕನೂ ಅವರ ಬೆನ್ನಿಗೊಂದು ಮೂತಿ ತಿರುವಿ ಹೊರಟುಹೋದರು.

ರಾಯರು ಬಸ್ಸಿನ ಹಿಂದೆ ಹೋದೊಡನೆ ಡಾಕ್ಟರು ಪಿಸುಗುಟ್ಟಿದರು. “ರಾಯರೇ, ಬೇಕರಿಯಮ್ಮ ಫೋನ್ ಮಾಡಿದ್ರು. ನಾವು ಹಿಂದಿನ ವಾರ ಆಡಿದ ಮಾತಿಗೆಲ್ಲ ಮೇಷ್ಟ್ರ ಹತ್ರ ಉತ್ತರ ರೆಡಿ ಇತ್ತು ಅಂತ ಟೈಲರಕ್ಕನೇ ಬಾಯಿ ಬಿಟ್ರಂತೆ. ನಮ್ಮಲ್ಲೊಬ್ಬ ಗೂಢಚಾರ ಇದ್ದಾನೆ.”

“ನಿಮ್ಮಲ್ಲೂ ಇದ್ದಾನಾ?” ಎಂದುಬಿಟ್ಟರು ರಾಯರು.

“ಊಂ. ಸಾಕ್ಷಿ ಇಲ್ಲದೆ ಯಾರನ್ನೂ ಅನುಮಾನಿಸಬೇಡ ಅಂತಾಳೆ ನಮ್ಮ ಚುರುಕಿ. ಸಾಕ್ಷಿ ಹುಡುಕೋ ಕೆಲಸ ನಿಮ್ದು. ಶತ್ರುವನ್ನ ಕೌಂಟರಿಗೇ ಕರೆಸ್ಕೊಂಡು ಮಾತಾಡಿಸ್ತಿದ್ರಲ್ಲ, ಭೇಷ್! ಸಂಜೆ ಎಲ್ಲರೆದುರು ಅವನ ಹೆಸರು ಹೇಳ್ಬಿಡಿ. ಆಮೇಲೆ ಅವನ ಹಲ್ಲು ನನಗೆ ಬಿಡಿ.”

ಹೀಗೆ, ತನ್ನನ್ನೇ ಹಿಡಿಯುವ ಕೆಲಸಕ್ಕೆ ಎರಡೆರಡು ಕಡೆಯಿಂದ ನೇಮಕಗೊಂಡ ಲೋಕದ ಮೊದಲನೇ ಪತ್ತೇದಾರರಾಗಿ ರಾಯರು ಕೌಂಟರಿಗೆ ಮರಳಿದರು. ಅಲ್ಲಿ ಧಡೂತಿ ಹೆಂಗಸೊಬ್ಬರು ಕಾಯುತ್ತಿದ್ದರು.

“ನನ್ನ ಹೂವಿನ ಕೊಡೆ ಕೊಡಿ.”

ಹಿಂತಿರುಗಿ ನೋಡಿದರೆ ಡಾಕ್ಟರೂ ಇಲ್ಲ, ಕೊಡೆಯೂ ಇಲ್ಲ. ಕರಿ ಕೊಡೆ ತೋರಿಸಿದರೆ ಆಕೆ ಒಪ್ಪಲಿಲ್ಲ, ನೀಲಿ ಕೊಡೆಗೂ ಒಪ್ಪಲಿಲ್ಲ. “ಮೇಲಿನವರಿಗೆ ದೂರು ಕೊಡ್ತೀನಿ” ಎಂದು ನಿಲ್ದಾಣವೆಲ್ಲ ಒಂದು ಮಾಡಿದರು. ಕಡೆಗೆ ರಾಯರು ಮಟಮಟ ಮಧ್ಯಾಹ್ನ, ಊಟ ಬಿಟ್ಟು, ಡಾಕ್ಟರ ಮನೆಗೆ ಓಡಿಹೋಗಿ, ಆ ಕೊಡೆಯನ್ನು ಸಾಕ್ಷಿಯೆಂದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದವರನ್ನು ಬೇಡಿಕೊಂಡು, ಬಿಡಿಸಿ ತರಬೇಕಾಯಿತು. ಬೈಸಿಕೊಂಡದ್ದು ಬೇರೆ. ಆದರೂ ನಿಜ ಹೇಳಬೇಕೆಂದರೆ, ಒಂದೇ ದಿನದಲ್ಲಿ ಇಷ್ಟು ಜನ ತಮ್ಮನ್ನು ಮಾತಾಡಿಸಿದ್ದು ರಾಯರಿಗೆ ಒಳಗೊಳಗೇ ಹಿತವಾಗಿತ್ತು.

ಸಂಜೆ ಲೈಬ್ರರಿಯ ಓದುವ ಕೋಣೆಯಲ್ಲಿ ಕುರ್ಚಿಗಳು ಎರಡು ಸಾಲಾಗಿ ಎದುರುಬದುರು ನಿಂತಿದ್ದವು. ಹಳೇ ಪಕ್ಷದ ಸಾಲಿನಲ್ಲಿ ಮೇಷ್ಟ್ರ ಪಕ್ಕ ಒಂದು ಕುರ್ಚಿ ಖಾಲಿ. ಟೈಲರಕ್ಕ ಅದರ ಮೇಲೆ ಕರವಸ್ತ್ರ ಹಾಸಿ ರಾಯರಿಗೆಂದು ಹಿಡಿದಿಟ್ಟಿದ್ದರು. ಹೊಸ ಪಕ್ಷದ ಸಾಲಿನಲ್ಲಿ ಡಾಕ್ಟರ ಪಕ್ಕದ ಕುರ್ಚಿಯ ಮೇಲೆ ಬೇಕರಿಯಮ್ಮನ ಚೀಲ, ಅದೂ ರಾಯರಿಗೇ. ಈ ವಯಸ್ಸಿನವರೆಗೆ ಅವರಿಗಾಗಿ ಯಾರೂ ಎಲ್ಲೂ ಜಾಗ ಹಿಡಿದವರಲ್ಲ. ಇವತ್ತು ಎರಡು ಕುರ್ಚಿ ಕಾಯುತ್ತಿದ್ದವು, ಕೂರುವುದಕ್ಕೆ ಒಂದೂ ಇರಲಿಲ್ಲ.

“ಬನ್ನಿ ರಾಯರೇ, ಇಲ್ಲಿ!” ಎಂದರು ಮೇಷ್ಟ್ರು.

“ರಾಯರೇ, ಇಲ್ಲಿ ಬನ್ನಿ!” ಎಂದರು ಡಾಕ್ಟರು, ಅದೇ ಉಸಿರಿನಲ್ಲಿ.

“ನಿಂತೇ ಇರ್ತೀನಿ. ಸೊಂಟ ಹಿಡ್ಕೊಂಡಿದೆ” ಎಂದು ರಾಯರು ಬಾಗಿಲ ಬಳಿಯೇ ಗೋಡೆಗೆ ಒರಗಿದರು.

ಮೇಷ್ಟ್ರು ಡಾಕ್ಟರನ್ನು ನೋಡಿದರು, ಡಾಕ್ಟರು ಮೇಷ್ಟ್ರನ್ನು. ಅಲ್ಲಿದ್ದವರೆಲ್ಲ ಚುರುಕಿಯ ಒಂದೊಂದು ಪುಸ್ತಕವನ್ನೂ ಬಾಯಿಪಾಠ ಮಾಡಿದವರು. ಬೂಟಿನ ಮಣ್ಣು ನೋಡಿ ಕಳ್ಳನ ಊರು ಹೇಳುವ ಪೈಕಿ. ಇನ್ನು ಮುಗಿಯಿತು ಎಂದು ರಾಯರು ಕಣ್ಣು ಮುಚ್ಚಿದರು.

“ಓಹೋಹೋ!” ಎಂದರು ಮೇಷ್ಟ್ರು. “ಅಂದ್ರೆ ನೀವೂ ಇವರನ್ನೇ ಪತ್ತೇದಾರರನ್ನಾಗಿ ಆರಿಸಿದ್ದೀರಿ! ಎರಡೂ ಕಡೆಯವರು ನಂಬೋ ಮನುಷ್ಯ ಅಂದ್ರೆ ಇವರೇ ನೋಡಿ.”

“ಒಳ್ಳೇದೇ ಆಯ್ತು” ಎಂದರು ಡಾಕ್ಟರು. “ಹೇಳಿ ರಾಯರೇ, ಯಾರು ಆ ಗೂಢಚಾರ?”

ರಾಯರು ಕಣ್ಣು ಬಿಟ್ಟರು. ಯಾರಿಗೂ ಗೊತ್ತಾಗಿಲ್ಲ! ಅಷ್ಟರಲ್ಲಿ ಬೇಕರಿಯಮ್ಮ ತಾವೇ ದಾರಿ ತೋರಿಸಿದರು: “ನಂಗೆ ಆ ಕಾವಲುಗಾರನ ಮೇಲೇ ಅನುಮಾನ. ಲೈಬ್ರರಿಗೆ ಬರೋ ಎಲ್ರ ಮಾತಿಗೂ ಕಿವಿ ಕೊಡ್ತಾನೆ. ಅವನೇ ಆಗಿದ್ರೆ ನಾಳೆನೇ ಕೆಲಸದಿಂದ ತೆಗೆಸ್ತೀನಿ.”

ಹೊರಗೆ ಜಗಲಿಯಲ್ಲಿ ಕಾವಲುಗಾರ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದ. ಒಂದು ಸಲ ತಲೆ ಅಲ್ಲಾಡಿಸಿದರೆ ಸಾಕಿತ್ತು. ರಾಯರ ಬುಧವಾರವೂ ಉಳಿಯುತ್ತಿತ್ತು, ಶನಿವಾರವೂ ಉಳಿಯುತ್ತಿತ್ತು. ತಲೆಯೂ ಒಂದಿಷ್ಟು ಅಲ್ಲಾಡುವುದರಲ್ಲಿತ್ತು. ಆದರೆ ಕೆಲಸ ಹೋದರೆ ಆ ಮನುಷ್ಯ ಹಗಲೆಲ್ಲ ಎಲ್ಲಿ ಕೂರುತ್ತಾನೆ ಎಂಬ ಯೋಚನೆ ಬಂದು ಅವರ ಕತ್ತು ಸೆಟೆದುಕೊಂಡಿತು.

“ನಾನೇ” ಎಂದರು.

“ನೀವೇ ಹೇಳ್ಬೇಕು, ಅದಕ್ಕೇ ಕೇಳ್ತಿರೋದು” ಎಂದರು ಟೈಲರಕ್ಕ.

“ಅಲ್ಲಕ್ಕಾ, ಗೂಢಚಾರ ನಾನೇ. ಬುಧವಾರ ನಿಮ್ಮ ಮಹಡಿಗೆ ಬರ್ತೀನಿ, ಶನಿವಾರ ಡಾಕ್ಟ್ರ ಶಾಪಿಗೆ ಹೋಗ್ತೀನಿ. ಹೇಳೋಕೆ ನನ್ನ ಹತ್ರ ಸ್ವಂತ ಮಾತಿಲ್ಲ. ಅಲ್ಲಿ ಕೇಳಿದ್ದನ್ನ ಇಲ್ಲಿ ಹೇಳಿದೆ, ಇಲ್ಲಿ ಕೇಳಿದ್ದನ್ನ ಅಲ್ಲಿ ಹೇಳಿದೆ. ದ್ರೋಹ ಮಾಡ್ಬೇಕು ಅಂತ ಅಲ್ಲ. ಮಿಕ್ಕ ದಿನ ನನ್ನ ಜೊತೆ ಮಾತಾಡೋರು ಯಾರೂ ಇಲ್ಲ. ಎರಡು ಸಂಜೆ ಇದೆ ಅಂತ ಮಿಕ್ಕ ಐದು ಸಂಜೆ ಹೇಗೋ ತಳ್ತಿದ್ದೆ. ಹೊರಗೆ ಹಾಕ್ಬೇಡಿ. ಮಾತೇ ಆಡಲ್ಲ ಇನ್ನು, ಮೂಲೇಲಿ ಕೂತಿರ್ತೀನಿ.”

ಟೈಲರಕ್ಕ ಕುರ್ಚಿಯ ಮೇಲಿದ್ದ ಕರವಸ್ತ್ರ ತೆಗೆದುಕೊಂಡು ಕಣ್ಣೊರೆಸಿಕೊಂಡರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಅದಿರ್ಲಿ. ನನ್ನ ಟಾರ್ಚಿನ ವಾದ ಕೇಳಿ ಇವರು ಏನಂದ್ರು?”

“ಚೆನ್ನಾಗಿದೆ ಅಂತ ನನಗೂ ಅನ್ನಿಸ್ತು ಮೇಷ್ಟ್ರೇ” ಎಂದರು ಡಾಕ್ಟರು, ಕೊಂಚ ನಾಚಿಕೊಂಡು. “ಬಾಯಿ ಬಿಟ್ಟು ಹೇಳ್ಲಿಲ್ಲ ಅಷ್ಟೆ. ಚಿಕ್ಕಂದಿನಲ್ಲಿ ಹಳೇ ಚುರುಕಿ ಓದಿ, ಹೆದರಿ, ಅಮ್ಮನ ಪಕ್ಕ ಮಲಗಿದವನೇ ನಾನೂ.”

“ನನ್ನ ಮೊಮ್ಮಗಳು ಹೊಸದನ್ನ ಓದ್ತಾಳೆ” ಎಂದರು ಮೇಷ್ಟ್ರು. “ಕದ್ದು ನಾನೂ ಎರಡು ಓದಿದೆ. ಕಳ್ಳ ಅಳ್ತಾನಲ್ಲ, ಅಲ್ಲಿ ನಂಗೂ ಕಣ್ಣಲ್ಲಿ ನೀರು ಬಂತು ಕಣ್ರೀ.”

ಆಮೇಲೆ ಕಟ್ಟೆ ಒಡೆಯಿತು. ಟೈಲರಕ್ಕನೂ ಬೇಕರಿಯಮ್ಮನೂ ತಬ್ಬಿಕೊಂಡರು. ಎರಡೂ ಚೆನ್ನಾಗಿವೆ, ಅವರವರ ಕಾಲಕ್ಕೆ ಅವರವರ ಚುರುಕಿ ಎಂದು ಎಲ್ಲರೂ ಒಟ್ಟಿಗೆ ತೀರ್ಮಾನಿಸಿದರು. ಕುರ್ಚಿಗಳು ಗುಂಡಗೆ ಕೂಡಿದವು, ಬನ್ನು ಹಂಚಿದರು. ರಾಯರ ಬೆನ್ನು ತಟ್ಟದ ಕೈಯಿಲ್ಲ. “ನಿಮ್ಮಿಂದ ಒಂದಾದೆವು ರಾಯರೇ!” ರಾಯರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸಂಜೆಗೊಂದರ ಬದಲು ಎರಡೂ ಬಳಗ ಒಟ್ಟಿಗೇ! ಇಷ್ಟು ಜನ! ಗೂಢಚಾರಿಕೆಗೆ ಸಿಕ್ಕ ಬಹುಮಾನವೇ ಇದು!

“ಹಾಗಾದ್ರೆ ಇನ್ನು ಎಲ್ರೂ ಸೇರಿ... ಬುಧವಾರನೋ ಶನಿವಾರನೋ?” ಎಂದು ಕೇಳಿದರು.

“ಏನಕ್ಕೆ?” ಎಂದರು ಡಾಕ್ಟರು.

“ಸೇರೋಕೆ.”

“ಸೇರಿ ಏನು ಮಾಡೋದು ರಾಯರೇ? ಜಗಳ ಮುಗೀತಲ್ಲ.”

“ಅಬ್ಬಾ, ಬುಧವಾರ ಸಂಜೆ ಇನ್ನಾದ್ರೂ ಮನೇಲಿ ಕಾಲು ಚಾಚ್ಕೋಬಹುದು” ಎಂದರು ಟೈಲರಕ್ಕ. “ನಮ್ಮನೆಯವರು ಒಂದೇ ಸಮ ಗೊಣಗ್ತಿದ್ರು.” ಮೇಷ್ಟ್ರಿಗೆ ಮೊಮ್ಮಗಳ ಜೊತೆ ಓದುವುದಿತ್ತು. ಬೇಕರಿಯಮ್ಮನಿಗೆ ಶನಿವಾರವೇ ಒಳ್ಳೇ ವ್ಯಾಪಾರ. ಎಲ್ಲರೂ ಕೈ ಕುಲುಕಿ, ಯಾವಾಗಲಾದರೂ ಸಿಗೋಣ ಎಂದು ಹೇಳಿ, ನಗುನಗುತ್ತ ಮೆಟ್ಟಿಲಿಳಿದರು.

ರಾಯರು ಅವರ ಹಿಂದೆ ಓಡಿದರು. ಮೇಷ್ಟ್ರು ಆಗಲೇ ರಸ್ತೆಯ ಅಂಚಿಗೆ ಹೋಗಿದ್ದರು.

“ಮೇಷ್ಟ್ರೇ! ಹಳೇ ಚುರುಕಿ ಶುದ್ಧ ದಡ್ಡಿ! ಟಾರ್ಚು ಹಿಡ್ಕೊಂಡು ಬಾವಿಗೆ ಬೀಳೋಳು!”

ಮೇಷ್ಟ್ರು ತಿರುಗಿದರು. ರಾಯರು ಉಸಿರು ಹಿಡಿದು ನಿಂತರು.

“ಸ್ವಲ್ಪ ಹೌದು ನೋಡಿ” ಎಂದು ನಕ್ಕು ಮೇಷ್ಟ್ರು ರಸ್ತೆ ದಾಟಿದರು.

“ಡಾಕ್ಟ್ರೇ! ನಿಮ್ಮ ಹೊಸ ಚುರುಕಿ ಫೋನ್ ಒತ್ತೋ ಗೊಂಬೆ!”

“ಅದೂ ನಿಜಾನೇ ರಾಯರೇ” ಎಂದು ಡಾಕ್ಟರು ಕಾರಿನ ಕಿಟಕಿಯಿಂದ ಕೈ ಬೀಸಿದರು.

ರಸ್ತೆ ಖಾಲಿಯಾಯಿತು. ರಾಯರು ತಿರುಗಿ ಬಂದು ಲೈಬ್ರರಿಯ ಮೆಟ್ಟಿಲ ಮೇಲೆ ಕೂತರು. ಹಿಂದೆ ಬೀಗದ ಸದ್ದಾಯಿತು. ಕಾವಲುಗಾರ ಬಾಗಿಲೆಳೆಯುತ್ತಿದ್ದ.

“ಏನಪ್ಪಾ, ನೀನು ಚುರುಕಿ ಓದಿದ್ದೀಯಾ?”

“ಇಲ್ಲ ಸಾರ್.”

“ಓದು. ಹಳೇದೂ ಕೊಡ್ತೀನಿ, ಹೊಸದೂ ಕೊಡ್ತೀನಿ. ಯಾವ್ದು ಚೆನ್ನಾಗಿದೆ ಅಂತ ಹೇಳು ಸಾಕು, ನಾನು ಇನ್ನೊಂದರ ಕಡೆ ಇರ್ತೀನಿ.”

“ಟೈಮೆಲ್ಲಿದೆ ಸಾರ್, ಮನೇಲಿ ಕಾಯ್ತಿರ್ತಾರೆ” ಎಂದ ಕಾವಲುಗಾರ, ಬೀಗವನ್ನು ಎರಡು ಸಲ ಎಳೆದು ನೋಡಿ ಸೈಕಲ್ ಹತ್ತಿದ.